ತೋಟದ ಆಫೀಸಿಗೆ ಸಾಫ್ಟ್‌ವೇರ್ ಹಾಕಿಕೊಡುವುದು ಹೇಗೆ: ಚಿಕ್ಕಮಗಳೂರಿನ ಇಂಪ್ಲಿಮೆಂಟೇಶನ್, ಸಪೋರ್ಟ್ ಹುಡುಗ ಹುಡುಗಿಯರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್‌ನಲ್ಲಿ ಕುಯ್ಲು ಜೋರಾಗಿರುವಾಗ ಸಪೋರ್ಟ್ ಫೋನಿಗೆ ಬರುವ ಕರೆಗಳಲ್ಲಿ ಬಹುಪಾಲು ಜೂನ್‌ನಲ್ಲೇ ಹುಟ್ಟಿರುತ್ತವೆ. ಯಾರೋ ಆತುರದಲ್ಲಿ ಆಳುಗಳ ಪಟ್ಟಿಯನ್ನು ಇದ್ದ ಹಾಗೇ ಏರಿಸಿರುತ್ತಾರೆ. ಇನ್ಯಾರೋ ತೂಕದ ಯಂತ್ರದ ಎದುರು ನಿಂತು ಪರೀಕ್ಷೆ ಮಾಡದೆ ಸಹಿ ಹಾಕಿಸಿಕೊಂಡು ಬಸ್ಸು ಹತ್ತಿರುತ್ತಾರೆ. ಅದಕ್ಕೇ ಇಲ್ಲಿ ಇಂಪ್ಲಿಮೆಂಟೇಶನ್ (ಸಾಫ್ಟ್‌ವೇರ್ ಹಾಕಿ ನಡೆಯುವಂತೆ ಮಾಡಿಕೊಡುವುದು) ಮತ್ತು ಸಪೋರ್ಟ್ (ಆಮೇಲೆ ಬರುವ ತೊಂದರೆ ಬಗೆಹರಿಸುವುದು) ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಕಂಪನಿಯ ಲೆಕ್ಕದಲ್ಲಿ ಅವು ಎರಡು ವಿಭಾಗ. ಆಲ್ದೂರಿನ ತೋಟದ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುವ ಗುಮಾಸ್ತ, ಅಂದರೆ ರೈಟರಿಗೆ ಮಾತ್ರ ಇಬ್ಬರೂ ಒಂದೇ: ‘ಕಂಪ್ಯೂಟ್ರು ಹುಡುಗ’.

ಉದಾಹರಣೆಗಳನ್ನೆಲ್ಲ ಕಾಫಿ ತೋಟ ಮತ್ತು ಕಾಫಿ, ಮೆಣಸಿನ ವ್ಯಾಪಾರದಿಂದ ತೆಗೆದುಕೊಂಡಿದ್ದೇನೆ. ಹಾಸನದ ಆಲೂಗಡ್ಡೆ ಮಂಡಿಗೆ ಅಥವಾ ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಹಾಕುವವರಿಗೂ ಕ್ರಮ ಇದೇ, ಪುಸ್ತಕಗಳ ಹೆಸರು ಮಾತ್ರ ಬೇರೆ.

ಮೊದಲು ಏನು ಕಲಿತಿರಬೇಕು

ಬಿಕಾಂ, ಬಿಸಿಎ, ಡಿಪ್ಲೊಮಾ, ಬಿಇ, ಎಲ್ಲ ಬಗೆಯವರೂ ಈ ಕೆಲಸಕ್ಕೆ ಬರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಲೆಕ್ಕ ಬಲ್ಲವರಿಗೆ ಕಂಪ್ಯೂಟರ್ ಹೇಳಿಕೊಡುವುದು ಸುಲಭ, ಕಂಪ್ಯೂಟರ್ ಬಲ್ಲವರಿಗೆ ಖರ್ಚು-ಜಮಾ ಹೇಳಿಕೊಡುವುದು ಕಷ್ಟ. ಎಂಜಿನಿಯರಿಂಗ್ ಮುಗಿಸಿ ಬಂದವರು ಮೊದಲ ತಿಂಗಳಲ್ಲೇ ಡೇಬುಕ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಕೂತು ಕಲಿಯಲಿ. ಬಿಕಾಂನವರು ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಎರಡು ಟೇಬಲ್ ಜೋಡಿಸಿ ಮಾಹಿತಿ ತೆಗೆಯುವಷ್ಟು, ಐಪಿ ವಿಳಾಸ ನೋಡಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಪಿಂಗ್ ಮಾಡುವಷ್ಟು (ಸಂಪರ್ಕ ಇದೆಯೇ ಎಂದು ನೋಡುವಷ್ಟು) ಕಲಿತರೆ ಸಾಕು. ಎಕ್ಸೆಲ್ ಮಾತ್ರ ಇಬ್ಬರಿಗೂ ಚೆನ್ನಾಗಿ ಬರಬೇಕು.

ಹೆಜ್ಜೆ 1: ತೋಟದ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಿ

ಬೆಂಗಳೂರಿನ ಪ್ರಾಜೆಕ್ಟ್ ಮ್ಯಾನೇಜರ್ ಕಳಿಸುವ ವೇಳಾಪಟ್ಟಿಯಲ್ಲಿ ಎಲ್ಲ ತಿಂಗಳೂ ಒಂದೇ ತರ ಕಾಣುತ್ತವೆ. ಇಲ್ಲಿ ಹಾಗಿಲ್ಲ. ಅರೇಬಿಕಾ ಕುಯ್ಲು ಸುಮಾರಾಗಿ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆ ಐದು ತಿಂಗಳು ರೈಟರು ಕುರ್ಚಿಯಲ್ಲಿ ಸಿಗುವುದಿಲ್ಲ. ಸಂಜೆ ಹಣ್ಣಿನ ತೂಕ, ಕಣದ ಉಸ್ತುವಾರಿ, ಬಟವಾಡೆ, ಇಷ್ಟರಲ್ಲೇ ಹೊತ್ತು ಹೋಗುತ್ತದೆ. ಮಾರ್ಚ್ ಕೊನೆಗೆ ಆಡಿಟರ್ ಗಡಿಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು. ಜೂನ್‌ನಿಂದ ಮಳೆ: ಕರೆಂಟು, ನೆಟ್‌ವರ್ಕ್, ರಸ್ತೆ ಮೂರನ್ನೂ ನಂಬುವಂತಿಲ್ಲ.

ಆದರೂ ನಾನು ಮಳೆಗಾಲವನ್ನೇ ಆರಿಸಿಕೊಳ್ಳುತ್ತೇನೆ, ಆಫೀಸಿನವರಿಗೆ ಬಿಡುವು ಇರುವುದು ಆಗಲೇ. ಡೇಟಾ ಶುದ್ಧಿ ಮೇ ತಿಂಗಳಲ್ಲಿ ಶುರುವಾಗಲಿ. ಆಳುಗಳ ಸಂಬಳದ ಮಾಡ್ಯೂಲ್ ಜೂನ್, ಜುಲೈನಲ್ಲಿ, ಆಳು ಕಡಿಮೆ ಇರುವಾಗ ಓಡಲಿ. ಕಾಫಿ ದಾಸ್ತಾನಿನ ಲೆಕ್ಕ ಅಕ್ಟೋಬರ್ 1ಕ್ಕೆ ಶುರುವಾಗಲಿ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಹಣಕಾಸಿನ ಲೆಕ್ಕ ಮಾತ್ರ ಏಪ್ರಿಲ್ 1ರ ಆರಂಭಿಕ ಶಿಲ್ಕಿನಿಂದಲೇ ಬರಬೇಕು, ಅದರಲ್ಲಿ ರಾಜಿ ಬೇಡ. ಹೀಗೆ ಎರಡು ವರ್ಷಗಳ ಲೆಕ್ಕ ಒಂದೇ ಆಫೀಸಿನಲ್ಲಿ ನಡೆಯುತ್ತದೆ ಎನ್ನುವುದನ್ನು ಡೆವಲಪರಿಗೆ ಮೊದಲ ವಾರವೇ ತಿಳಿಸಿ. ಸಾಹುಕಾರ್ರು ‘ಈ ಸಲದ ಫಸಲು ಎಷ್ಟಕ್ಕೆ ಹೋಯ್ತು’ ಎಂದಾಗ ಹಣಕಾಸು ವರ್ಷದ ಮಾರಾಟದ ವರದಿ ಕೊಟ್ಟರೆ ಅದು ಎರಡು ಫಸಲನ್ನು ಕಲಸಿದ ಅಂಕಿ.

ಹೆಜ್ಜೆ 2: ಲ್ಯಾಪ್‌ಟಾಪ್ ಮುಚ್ಚಿಟ್ಟು ರೈಟರ ಪುಸ್ತಕ ಓದಿ

ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಬೇಕು, ಕೊಡುವವರು ಕಡಿಮೆ. ಮೊದಲ ಭೇಟಿಯಲ್ಲಿ ಡೆಮೊ ತೋರಿಸಬೇಡಿ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಹಣ್ಣಿನ ತೂಕದ ಪುಸ್ತಕ, ಅಡ್ವಾನ್ಸ್ ಪುಸ್ತಕ, ಗೋಡೌನ್ ರಿಜಿಸ್ಟರ್ ಕೇಳಿ ತೆಗೆಸಿಕೊಳ್ಳಿ. ಜನವರಿಯ ಒಂದು ವಾರ ಆರಿಸಿ ಪ್ರತಿ ಗುರುತಿಗೂ ಅರ್ಥ ಕೇಳಿ.

‘ರೈಟ್ರೇ, ಇಲ್ಲಿ ಅರ್ಧ ಹಾಕಿ ಸುತ್ತ ಗೀಟು ಎಳ್ದಿದೀರಲ್ಲ, ಏನದು?’

‘ಅದಾ? ಬೆಳಿಗ್ಗೆ ಬಂದ್ಳು, ಮಧ್ಯಾಹ್ನ ಮಗೂಗೆ ಜ್ವರ ಅಂತ ಹೋದ್ಳು. ಅರ್ಧ ದಿನ. ಆದ್ರೆ ಹಣ್ಣು ಕುಯ್ದಿದ್ದು ಪೂರ್ತಿ ಲೆಕ್ಕಕ್ಕಿದೆ, ಅದಕ್ಕೇ ಸುತ್ತು ಹಾಕಿದೀನಿ.’

ಈ ಸುತ್ತು ನಿಮ್ಮ ಸಾಫ್ಟ್‌ವೇರಿನ ಯಾವ ಪರದೆಯಲ್ಲೂ ಇಲ್ಲ. ಅರ್ಧ ದಿನ ಹಾಜರಿ ಹಾಕಿದರೆ ಕಿಲೋ ಲೆಕ್ಕದ ಕೂಲಿಯನ್ನೂ ಅರ್ಧ ಮಾಡಿಬಿಡುವ ಸಾಫ್ಟ್‌ವೇರ್ ಇದ್ದರೆ, ಆ ಹೆಂಗಸಿನ ವಾರದ ಕೂಲಿ ಕಡಿಮೆಯಾಗುತ್ತದೆ. ಬಟವಾಡೆ ದಿನ ಆಫೀಸಿನ ಮುಂದೆ ಗಲಾಟೆ, ಆಮೇಲೆ ನಿಮಗೆ ಫೋನು.

ಇಂಥವನ್ನೆಲ್ಲ ಒಂದೊಂದಾಗಿ ಬರೆದುಕೊಳ್ಳಿ: ಒಬ್ಬಳೇ ಆಳು ಬೆಳಿಗ್ಗೆ ತೋಟದ ಒಂದು ಡಿವಿಜನ್ (ವಿಭಾಗ), ಮಧ್ಯಾಹ್ನ ಇನ್ನೊಂದರಲ್ಲಿ ಕೆಲಸ ಮಾಡಿದರೆ ಖರ್ಚು ಯಾವುದಕ್ಕೆ? ಅಡ್ವಾನ್ಸ್ ಒಂದೇ ವಾರಕ್ಕೆ ಹಿಡಿಯುತ್ತಾರೋ ಕಂತಿನಲ್ಲೋ? ಗಂಡನ ಸಾಲ ಹೆಂಡತಿಯ ಕೂಲಿಯಲ್ಲಿ ಹಿಡಿಯುವ ರೂಢಿ ಇದೆಯೋ? ಚಿಲ್ಲರೆಯನ್ನು ಮುಂದಿನ ವಾರಕ್ಕೆ ಒಯ್ಯುತ್ತಾರೋ, ಅಲ್ಲೇ ಮೊಟಕು ಮಾಡುತ್ತಾರೋ? ಕೆಲವು ರೂಢಿಗಳು ಕಾನೂನಿಗೆ ಹೊಂದುವುದಿಲ್ಲ. ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಆದರೆ ಅಂಥದ್ದನ್ನು ಸಾಫ್ಟ್‌ವೇರಿನಲ್ಲಿ ಕೂರಿಸುವ ಮೊದಲು ಮಾಲೀಕರಿಗೂ ಅವರ ಆಡಿಟರಿಗೂ ಬರಹದಲ್ಲಿ ತಿಳಿಸುವುದು ನಿಮ್ಮ ಕೆಲಸವೇ.

ದಾಸ್ತಾನಿಗೂ ಇದೇ ಕ್ರಮ. ಅಂಗಡಿಗೆಂದು ಬರೆದ ಸಾಫ್ಟ್‌ವೇರಿಗೆ ನೂರು ಕಿಲೋ ಒಳಗೆ ಬಂದರೆ ನೂರು ಕಿಲೋ ಹೊರಗೆ ಹೋಗಬೇಕು. ಕಾಫಿ ಹಾಗಲ್ಲ. ಹಣ್ಣನ್ನು ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ತೊಳೆದು, ಒಣಗಿಸಿದರೆ ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದರೆ ಚೆರಿ. ಎರಡರಲ್ಲೂ ತೂಕ ಭಾರಿ ಇಳಿಯುತ್ತದೆ. ಅದು ಕಳವೂ ಅಲ್ಲ, ನಷ್ಟವೂ ಅಲ್ಲ, ರೂಪಾಂತರ. ಅದಕ್ಕೊಂದು ಪ್ರತ್ಯೇಕ ಎಂಟ್ರಿ ಬೇಕು. ಇಲ್ಲದಿದ್ದರೆ ರೈಟರು ‘ಸ್ಟಾಕ್ ವ್ಯತ್ಯಾಸ’ ಎಂಬ ಖಾನೆಗೆ ಎಲ್ಲವನ್ನೂ ತುಂಬುತ್ತಾರೆ, ನಿಜವಾದ ಕಳವೂ ಅದರೊಳಗೇ ಮುಚ್ಚಿಹೋಗುತ್ತದೆ.

ಮಾರಾಟದಲ್ಲಿ ಓಟಿ, ಅಂದರೆ ಔಟ್‌ಟರ್ನ್, ಅರ್ಥವಾಗದೆ ಮುಂದೆ ಹೋಗಬೇಡಿ. 50 ಕಿಲೋ ಚೆರಿಯ ಮೂಟೆಯಿಂದ ಎಷ್ಟು ಕಿಲೋ ಶುದ್ಧ ಬೀಜ ಸಿಗುತ್ತದೆ ಎನ್ನುವುದು ಓಟಿ. ಅದರ ಒಂದೊಂದು ಕಿಲೋ ಒಂದು ಪಾಯಿಂಟ್; ದರವನ್ನು ಪಾಯಿಂಟಿನ ಮೇಲೆ ಕಟ್ಟುತ್ತಾರೆ. ಲೆಕ್ಕಕ್ಕೆಂದು ಹೇಳುವುದಾದರೆ, ಓಟಿ 26.5, ಪಾಯಿಂಟಿಗೆ 400 ರೂಪಾಯಿ ಇದ್ದರೆ ಮೂಟೆಗೆ 10,600. ನಿಮ್ಮ ಸಾಫ್ಟ್‌ವೇರ್ 26.5ನ್ನು 27 ಎಂದು ದುಂಡು ಮಾಡಿದರೆ ಮೂಟೆಗೆ 200 ರೂಪಾಯಿ ವ್ಯತ್ಯಾಸ. ನೂರು ಮೂಟೆಯ ಲಾರಿಗೆ 20,000. ದಶಮಾಂಶ ಎಷ್ಟು ಸ್ಥಾನ ಎನ್ನುವುದು ಸೆಟ್ಟಿಂಗ್ಸ್‌ನ ಸಣ್ಣ ಡಬ್ಬಿ, ಅದನ್ನು ನೋಡದೆ ಬಿಟ್ಟರೆ ವ್ಯಾಪಾರಿ ನಿಮ್ಮನ್ನು ಮತ್ತೆ ಅಂಗಳಕ್ಕೆ ಬಿಡುವುದಿಲ್ಲ.

ಹೆಜ್ಜೆ 3: ಹಳೇ ಡೇಟಾ ತೊಳೆಯುವುದು

ಹಳೇ ಪಟ್ಟಿಗಳು ಸಾಮಾನ್ಯವಾಗಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪಾಗಿರುತ್ತವೆ. ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬರೆದ ಹೆಸರು ಕಡತದೊಳಗೆ ಕನ್ನಡವೇ ಅಲ್ಲ; ರೋಮನ್ ಚಿಹ್ನೆಗಳ ಮೇಲೆ ಕನ್ನಡದ ರೂಪ ಹೊದಿಸಿದ್ದು. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್ ಸಾಫ್ಟ್‌ವೇರಿಗೆ ಹಾಗೇ ಅಂಟಿಸಿದರೆ ಕಸ ಕಾಣುತ್ತದೆ. ಪರಿವರ್ತಕಗಳಿವೆ, ಬಳಸಿ. ಆದರೆ ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು, ದೀರ್ಘ ಇರುವ ಹೆಸರುಗಳನ್ನು ಕಣ್ಣಿನಿಂದಲೇ ನೋಡಬೇಕು. ಸೂರ್ಯ, ಕೃಷ್ಣಪ್ಪ, ಲಕ್ಷ್ಮಮ್ಮ ಸರಿ ಬಂದರೆ ಉಳಿದವು ಹೆಚ್ಚೂಕಡಿಮೆ ಸರಿ ಬಂದಂತೆ.

ಯೂನಿಕೋಡಿನಲ್ಲೂ ಒಂದು ಕಾಟವಿದೆ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತ ಸೇರಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಕಣ್ಣಿಗೆ ಕಾಣದ ಜೋಡಕ ಸಂಕೇತಗಳೂ ಹೀಗೇ ಆಡಿಸುತ್ತವೆ. ಡೇಟಾ ಏರಿಸುವ ಮುನ್ನ ನಾರ್ಮಲೈಸ್ ಮಾಡಿಸಿ, ಅಂದರೆ ಎಲ್ಲವನ್ನೂ ಒಂದೇ ರೂಪಕ್ಕೆ ತರಿಸಿ; ಜೋಡಕಗಳನ್ನು ಪ್ರತ್ಯೇಕವಾಗಿ ಸರಿಪಡಿಸಿ. ಹೆಸರಿನ ಮೇಲೆ ಯಾವ ಲೆಕ್ಕವನ್ನೂ ನಿಲ್ಲಿಸಬೇಡಿ. ಪ್ರತಿ ಆಳಿಗೂ ಸಂಖ್ಯೆ ಇರಲಿ. ಆಳುಗಳ ಮನೆಗಳ ಒಂದೇ ಲೈನಿನಲ್ಲಿ (ಸಾಲಿನಲ್ಲಿ) ಮೂವರು ಲಕ್ಷ್ಮಿಯರು ಇರುವುದು ನಮ್ಮ ಕಡೆ ಮಾಮೂಲು. ಅಸ್ಸಾಮಿನಿಂದ ಬಂದವರ ಹೆಸರನ್ನು ಪ್ರತಿ ರೈಟರೂ ತನ್ನ ಕಿವಿಗೆ ಕೇಳಿದ ಹಾಗೆ ಬರೆದಿರುತ್ತಾರೆ, ಆ ಹೆಸರು ಬ್ಯಾಂಕ್ ಪಾಸ್‌ಬುಕ್ಕಿಗೆ ಹೊಂದಲೇಬೇಕು.

ಎಕ್ಸೆಲ್ ಮಾಡುವ ಕಿತಾಪತಿ ಬೇರೆ. ಬ್ಯಾಂಕ್ ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಹದಿನೈದು ಅಂಕಿ ದಾಟಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಸೊನ್ನೆಯಾಗುತ್ತವೆ. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ, ಆಮೇಲೆ ಅಂಟಿಸಿ. ಹಿಂದುಮುಂದಾದರೆ ಹೋದದ್ದು ವಾಪಸ್ ಬರುವುದಿಲ್ಲ. ಏರಿಸಲು ಬೇಕಾದ ಸರಳ ಪಠ್ಯ ಕಡತ ಸಿಎಸ್‌ವಿ ಮಾಡುವಾಗ ಯುಟಿಎಫ್-8 ಎಂಬ ಯೂನಿಕೋಡ್ ರೂಪ ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ದಿನಾಂಕದಲ್ಲಿ 04/05 ಎಂದರೆ ಮೇ 4 ಆಗಬೇಕು, ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಏಪ್ರಿಲ್ 5 ಆಗಿ ಕೂರುತ್ತದೆ. 13ರಿಂದ ಮುಂದಿನ ದಿನಾಂಕಗಳಲ್ಲಿ ಮಾತ್ರ ಎರರ್ ಬರುವುದರಿಂದ ಮೊದಲ ಹನ್ನೆರಡು ದಿನದ ತಪ್ಪು ಯಾರ ಗಮನಕ್ಕೂ ಬರದೆ ಒಳಗೆ ಸೇರಿರುತ್ತದೆ.

ಏರಿಸಿದ ಮೇಲೆ ಮೂರು ಮೊತ್ತ ತಾಳೆ ನೋಡಿ: ಎಷ್ಟು ಸಾಲು, ಬಾಕಿ ಮೊತ್ತ, ಖಾತೆ ಸಂಖ್ಯೆ ಇಲ್ಲದವರೆಷ್ಟು. ತಾಳೆ ಹಾಳೆಯ ಮೇಲೆ ರೈಟರ ಸಹಿ ಹಾಕಿಸಿ.

ಹೆಜ್ಜೆ 4: ದರಕ್ಕೆ ದಿನಾಂಕ ಅಂಟಿಸಿ

‘ಕಾಫಿ’ ಎಂದು ಒಂದೇ ಐಟಂ ಮಾಡಬೇಡಿ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಶೇ 5. ಎರಡೂ ಸರಕಿನ ಸಂಕೇತ ಸಂಖ್ಯೆಯಾದ ಎಚ್‌ಎಸ್‌ಎನ್ 0901ರ ಕೆಳಗೇ ಬರುತ್ತವೆ. ಹಸಿ ಮೆಣಸು, ಒಣ ಮೆಣಸು ಬೇರೆ ಬೇರೆ. 2025ರ ಸೆಪ್ಟೆಂಬರ್ 22ರಂದು ದರ ಬದಲಾದಾಗ ಕಾಫಿ ಸಾರ, ಅಂದರೆ ಇನ್‌ಸ್ಟಂಟ್ ಕಾಫಿ, ಶೇ 18ರಿಂದ 5ಕ್ಕೆ ಇಳಿಯಿತು. ಐಟಂ ಮಾಸ್ಟರಿನಲ್ಲಿ ಹಳೆ ದರ ಅಳಿಸಿ ಹೊಸದು ಬರೆದಿದ್ದರೆ, ಸೆಪ್ಟೆಂಬರ್ 20ರ ಬಿಲ್ಲನ್ನು ಮತ್ತೆ ಪ್ರಿಂಟ್ ಹಾಕಿದಾಗ ಹೊಸ ದರ ಬರುವ ಅಪಾಯವಿದೆ. ‘ಈ ದಿನದಿಂದ ಈ ದರ’ ಎಂದು ಸಾಲು ಸೇರಿಸುವ ವ್ಯವಸ್ಥೆ ಇರಲೇಬೇಕು. ಕೂಲಿಗೂ ಅಷ್ಟೆ, ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ.

ವ್ಯಾಪಾರಿಯ ವಹಿವಾಟು 5 ಕೋಟಿ ದಾಟಿದ್ದರೆ, ತೆರಿಗೆ ಬೀಳುವ ಸರಕನ್ನು ಜಿಎಸ್‌ಟಿ ನೋಂದಣಿ ಇರುವವರಿಗೆ ಮಾರುವಾಗ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್ಲಿನಲ್ಲಿ ದಾಖಲಿಸುವ ಬಿಲ್) ಕಡ್ಡಾಯ, ಇದು 2023ರ ಆಗಸ್ಟ್ 1ರಿಂದ. ಅದನ್ನು ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ಇದನ್ನು ತರಬೇತಿಯಲ್ಲಿ ಹೇಳಿ ಬಿಡುವುದಲ್ಲ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಬನ್ನಿ.

ಹೆಜ್ಜೆ 5: ಯಂತ್ರಗಳನ್ನು ಜಾಗದಲ್ಲೇ ಪರೀಕ್ಷಿಸಿ

ತೂಕದ ಯಂತ್ರದಿಂದ ಕಂಪ್ಯೂಟರಿಗೆ ಅಂಕಿ ಬರುವುದು ಸಾಮಾನ್ಯವಾಗಿ ಆರ್‌ಎಸ್-232 ಎಂಬ ಹಳೇ ಬಗೆಯ ಸೀರಿಯಲ್ ಕೇಬಲ್ಲಿನಲ್ಲಿ. ಈಗಿನ ಕಂಪ್ಯೂಟರಿಗೆ ಆ ಪೋರ್ಟ್ ಇರುವುದಿಲ್ಲ, ಯುಎಸ್‌ಬಿ ಕನ್ವರ್ಟರ್ ಬೇಕು. ಕಸ ಗುಡಿಸುವವರು ವೈರು ಕಿತ್ತು ಬೇರೆ ತೂತಿಗೆ ಚುಚ್ಚಿದರೆ ಕಾಮ್ ಪೋರ್ಟಿನ ಸಂಖ್ಯೆ (ಆ ತೂತಿಗೆ ವಿಂಡೋಸ್ ಕೊಟ್ಟ ಗುರುತು) ಬದಲಾಗಿ ತೂಕ ಬರುವುದು ನಿಲ್ಲುತ್ತದೆ. ಆ ಯುಎಸ್‌ಬಿ ತೂತಿಗೆ ಕೆಂಪು ಟೇಪ್ ಸುತ್ತಿ, ವೈರಿಗೂ ಕೆಂಪು ಟೇಪ್ ಸುತ್ತಿ. ಹತ್ತು ರೂಪಾಯಿಯ ಟೇಪು ಸುಗ್ಗಿಯಲ್ಲಿ ಕೊಪ್ಪದವರೆಗಿನ ಓಡಾಟ ಉಳಿಸುತ್ತದೆ. ಬಾಡ್ ರೇಟ್, ಅಂದರೆ ಅಂಕಿ ಕಳಿಸುವ ವೇಗ, ಯಂತ್ರದಲ್ಲೂ ಸಾಫ್ಟ್‌ವೇರಿನಲ್ಲೂ ಒಂದೇ ಇರಲಿ. ಅಂಕಿಯ ಬದಲು ಚಿತ್ರವಿಚಿತ್ರ ಚಿಹ್ನೆ ಬಂದರೆ ಮೊದಲ ಅನುಮಾನ ಅದರ ಮೇಲೇ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕನ್ನಡ ಹಾಕಿದರೆ ಅದು ಚಿತ್ರವಾಗಿ ಮುದ್ರಣವಾಗುತ್ತದೆ, ಬಹಳ ನಿಧಾನ. ಲಾರಿ ಕಾಯುತ್ತಿರುವಾಗ ಇದು ತಲೆನೋವು. ಬಿಲ್ ಇಂಗ್ಲಿಷಿನಲ್ಲಿ, ಕೂಲಿ ಚೀಟಿ ಥರ್ಮಲ್‌ನಲ್ಲಿ ಕನ್ನಡದಲ್ಲಿ ಎಂದು ಒಪ್ಪಿಸಿ. ಅರ್ಥಿಂಗ್ ನೋಡಿ, ಸಿಡಿಲಿಗೆ ಮೊದಲು ಹೋಗುವುದು ರೌಟರ್ ಮತ್ತು ಲ್ಯಾನ್ ಕಾರ್ಡ್. ಯುಪಿಎಸ್ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಪ್ಲಗ್ ಕಿತ್ತೇ ನೋಡಿ. ಕರೆಂಟಿನ ದೂರು ಚಿಕ್ಕಮಗಳೂರು ಕಡೆ ಮೆಸ್ಕಾಂಗೆ, ಹಾಸನ ಕಡೆ ಚೆಸ್ಕಾಂಗೆ. ನಿಮಗೆ ಫೋನ್ ಮಾಡಿ ಉಪಯೋಗವಿಲ್ಲ ಎನ್ನುವುದನ್ನೂ ನಗುತ್ತಲೇ ಹೇಳಿ ಬನ್ನಿ. ಇಂಟರ್ನೆಟ್ ಇಲ್ಲದೆ ಒಂದು ಪೂರ್ತಿ ದಿನ ಕೆಲಸ ನಡೆಯದ ಸಾಫ್ಟ್‌ವೇರನ್ನು ಮಲೆನಾಡಿನ ತೋಟಕ್ಕೆ ಮಾರಬಾರದು. ಸೇಲ್ಸ್‌ನವರು ಒಪ್ಪುವುದಿಲ್ಲ, ಆದರೂ ಹೇಳಿಟ್ಟಿರಿ.

ಹೆಜ್ಜೆ 6: ಪುಸ್ತಕ ಮತ್ತು ಸಾಫ್ಟ್‌ವೇರ್ ಜೊತೆಜೊತೆಗೆ

ಪುಸ್ತಕ ನಿಲ್ಲಿಸಬೇಡಿ. ಕನಿಷ್ಠ ನಾಲ್ಕು ಬಟವಾಡೆ ಎರಡೂ ಕಡೆ ನಡೆಯಲಿ. ವಾರದ ಒಟ್ಟು ಕೂಲಿ ರೂಪಾಯಿಗೆ ರೂಪಾಯಿ ಹೊಂದುವವರೆಗೆ ಗೋ-ಲೈವ್ (ಸಾಫ್ಟ್‌ವೇರನ್ನೇ ನಂಬಿ ನಡೆಸುವುದು) ಎಂಬ ಮಾತೇ ಬೇಡ. ಒಟ್ಟು ಹೊಂದಿದರೂ ಸಾಲದು; ಒಬ್ಬರಿಗೆ ಐವತ್ತು ಹೆಚ್ಚು, ಇನ್ನೊಬ್ಬರಿಗೆ ಐವತ್ತು ಕಡಿಮೆಯಾದರೆ ಒಟ್ಟು ಸರಿಯೇ ಇರುತ್ತದೆ. ಆಳುವಾರು ತಾಳೆ ನೋಡಬೇಕು. ವ್ಯತ್ಯಾಸ ಬಂದಾಗ ಸಾಫ್ಟ್‌ವೇರ್ ಸರಿ, ಪುಸ್ತಕ ತಪ್ಪು ಎಂದುಕೊಳ್ಳಬೇಡಿ. ಹೆಚ್ಚಿನ ಸಲ ನಿಮಗೆ ಯಾರೂ ಹೇಳದ ಒಂದು ನಿಯಮ ಅಲ್ಲಿ ಸಿಗುತ್ತದೆ.

ತರಬೇತಿ ಬಗ್ಗೆ ಒಂದೇ ಮಾತು: ಮೌಸ್ ನಿಮ್ಮ ಕೈಯಲ್ಲಿ ಇರಬಾರದು. ರೈಟರು ನಿಧಾನವಾಗಿ ಕ್ಲಿಕ್ ಮಾಡುವಾಗ ಕೈ ಕಟ್ಟಿ ಕೂರಲು ಕಲಿಯಿರಿ. ಅವರು ರಜೆ ಹಾಕಿದರೆ ಕೂರುವ ಇನ್ನೊಬ್ಬರಿಗೂ ಕಲಿಸದೆ ಸಹಿ ತೆಗೆದುಕೊಳ್ಳಬೇಡಿ.

ಹೆಜ್ಜೆ 7: ಫೋನು ಬಂದಾಗ

‘ಸಾರ್, ಸಾಫ್ಟ್‌ವೇರ್ ವರ್ಕ್ ಆಗ್ತಿಲ್ಲ.’ ಎಲ್ಲ ಕರೆಯೂ ಹೀಗೇ ಶುರು. ಇದರಲ್ಲಿ ನಿಮಗೆ ಬೇಕಾದದ್ದು ಏನೂ ಇಲ್ಲ. ಯಾವ ಪರದೆ, ಏನು ಒತ್ತಿದಿರಿ, ಏನು ಬಂತು, ನಿನ್ನೆ ಬರುತ್ತಿತ್ತೇ, ಪಕ್ಕದ ಕಂಪ್ಯೂಟರಿನಲ್ಲಿ ಬರುತ್ತದೆಯೇ, ನಿನ್ನೆಯಿಂದ ಈಚೆಗೆ ಏನು ಬದಲಾಯಿತು, ಇಷ್ಟು ಕೇಳಿ. ಕೊನೆಯ ಪ್ರಶ್ನೆಗೆ ಮೊದಲು ಬರುವ ಉತ್ತರ ‘ಏನೂ ಇಲ್ಲ’. ಸ್ವಲ್ಪ ಹೊತ್ತಾದ ಮೇಲೆ ‘ನಮ್ ಭಾವ ಬಂದು ಆಂಟಿವೈರಸ್ ಹಾಕಿದ್ರು’ ಎಂದು ಬರುತ್ತದೆ. ಪರದೆಯ ಫೋಟೊ ವಾಟ್ಸಾಪಿನಲ್ಲಿ ತರಿಸಿ. ಆಳುಗಳ ಆಧಾರ್, ಖಾತೆ ಸಂಖ್ಯೆ ಕಾಣದಂತೆ ತೆಗೆಯಲು ಹೇಳಿ.

ಪ್ರತಿ ಕರೆಗೂ ಟಿಕೆಟ್ (ಸಂಖ್ಯೆಯಿರುವ ದೂರಿನ ದಾಖಲೆ) ತೆರೆಯಿರಿ, ಎರಡು ನಿಮಿಷದ್ದಾದರೂ ಸರಿ. ಅದೇ ದೂರು ಐದು ತೋಟದಿಂದ ಬಂದಾಗ ಡೆವಲಪರ್ ನಂಬುವುದು ಟಿಕೆಟ್ ಸಂಖ್ಯೆಯನ್ನು, ನಿಮ್ಮ ನೆನಪನ್ನಲ್ಲ. ಆದ್ಯತೆಯನ್ನು ದನಿಯ ಜೋರು ನೋಡಿ ಕೊಡಬೇಡಿ. ಬಟವಾಡೆ ನಿಂತಿದೆಯೋ, ಲಾರಿ ನಿಂತಿದೆಯೋ, ಇಲ್ಲ ವರದಿಯ ಗೆರೆ ಸೊಟ್ಟಗಿದೆಯೋ, ಅದನ್ನು ನೋಡಿ. ಮಾಸಿಕ ರಿಟರ್ನಿನ ಗಡುವುಗಳಾದ ಪ್ರತಿ ತಿಂಗಳ 11 ಮತ್ತು 20ರ ಹಿಂದಿನ ಎರಡು ದಿನ ಜಿಎಸ್‌ಟಿ ರಿಟರ್ನ್ ಕರೆಗಳು ಬಂದೇ ಬರುತ್ತವೆ, ಆ ದಿನ ರಜೆ ಹಾಕಬೇಡಿ.

ದೂರದಿಂದಲೇ ಅವರ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ತರಹದ್ದರಲ್ಲಿ ಒಳಗೆ ಹೋಗುವಾಗ ಆ ಕಡೆಯವರು ಪರದೆ ಮುಂದೆ ಕೂತಿರಲಿ, ಮಾಡುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಹೋಗಿ. ಒಟಿಪಿ, ಬ್ಯಾಂಕ್ ಪಾಸ್‌ವರ್ಡ್ ಯಾವ ಕಾರಣಕ್ಕೂ ಕೇಳಬೇಡಿ; ‘ನಮ್ಮ ಕಂಪನಿಯಿಂದ ಯಾರೇ ಕೇಳಿದರೂ ಕೊಡಬೇಡಿ’ ಎಂದು ಮೊದಲ ದಿನವೇ ಹೇಳಿರಿ. ಮೋಸ ಆಗಿಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಯಾವ ತೋಟದ ಸಂಬಳ ಎಷ್ಟು, ಯಾವ ವ್ಯಾಪಾರಿ ಎಷ್ಟಕ್ಕೆ ಕೊಂಡ ಎನ್ನುವುದು ನಿಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಊರು ಚಿಕ್ಕದು. ಐಜಿ ರಸ್ತೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಆಡಿದ ಮಾತು ಸಂಜೆಯೊಳಗೆ ಮೂಡಿಗೆರೆಗೆ ಮುಟ್ಟುತ್ತದೆ.

ಡೇಟಾಬೇಸಿಗೆ ನೇರ ಕೈ ಹಾಕುವುದು ಕೊನೆಯ ದಾರಿ. ಹಾಕಲೇಬೇಕಾದರೆ ಮೊದಲು ಬ್ಯಾಕಪ್, ಆಮೇಲೆ ತಿದ್ದಬೇಕಾದ ಸಾಲುಗಳ ಷರತ್ತಿನಲ್ಲೇ ಸೆಲೆಕ್ಟ್ (ಬರೀ ನೋಡುವ ಆಜ್ಞೆ) ಓಡಿಸಿ ಎಷ್ಟು ಸಾಲು ಬರುತ್ತದೆ ನೋಡಿ, ಟ್ರಾನ್ಸಾಕ್ಷನ್ ತೆರೆದು ಅಪ್‌ಡೇಟ್ (ತಿದ್ದುವ ಆಜ್ಞೆ), ಸಂಖ್ಯೆ ಹೊಂದಿದರೆ ಮಾತ್ರ ಕಮಿಟ್ (ಖಾಯಂ ಮಾಡುವುದು). ಯಾವ ಸಾಲು ಎಂದು ಹೇಳುವ ‘ವೇರ್’ ಷರತ್ತು ಮರೆತ ಅಪ್‌ಡೇಟ್ ಒಂದೇ ಏಟಿಗೆ ಎಲ್ಲ ಆಳುಗಳ ಖಾತೆ ಸಂಖ್ಯೆಯನ್ನು ಒಂದೇ ಮಾಡಿಬಿಡುತ್ತದೆ. ತೋಟ ಕಂಪನಿಯಾಗಿ ನೋಂದಣಿಯಾಗಿದ್ದರೆ ಇನ್ನೊಂದು ತೊಡಕಿದೆ: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು. ‘ಹಿಂದಿನಿಂದ ಒಂಚೂರು ಸರಿ ಮಾಡಿಕೊಡಿ’ ಎಂದು ಯಾರು ಕೇಳಿದರೂ, ಎದುರಿಗೆ ತಿದ್ದುಪಡಿ ವೋಚರ್ ಹಾಕುವ ದಾರಿ ತೋರಿಸಿ.

ಮೇಲಿನ ಹಂತಕ್ಕೆ ಕಳಿಸುವಾಗ ‘ಸಂಬಳ ತಪ್ಪು ಬರ್ತಿದೆ, ಅರ್ಜೆಂಟ್’ ಎಂದಷ್ಟೇ ಬರೆದರೆ ಎರಡು ದಿನ ಅತ್ತಿಂದಿತ್ತ ಪ್ರಶ್ನೆಗಳಲ್ಲೇ ಹೋಗುತ್ತದೆ. ಹೀಗೆ ಬರೆಯಿರಿ: ‘ಜನವರಿ ಎರಡನೇ ವಾರ, ಆಳು ಸಂಖ್ಯೆ 114, ಅರ್ಧ ದಿನ ಹಾಜರಿ, 62 ಕಿಲೋ ಹಣ್ಣು. ಕಿಲೋ ಕೂಲಿ 62ಕ್ಕೆ ಬರಬೇಕು, 31ಕ್ಕೆ ಬಂದಿದೆ. ಪೂರ್ತಿ ದಿನ ಹಾಕಿದರೆ ಸರಿ ಬರುತ್ತದೆ. ಟೆಸ್ಟ್ ಡೇಟಾಬೇಸಿನಲ್ಲೂ ಹೀಗೇ ಆಗುತ್ತದೆ.’ ಇಷ್ಟು ಕೈಗೆ ಸಿಕ್ಕರೆ ಒಳ್ಳೆಯ ಡೆವಲಪರ್ ಸಂಜೆಯೊಳಗೆ ಪರಿಹಾರ ಕಳಿಸಬಹುದು.

ಬ್ಯಾಕಪ್ ಮತ್ತು ವಾರ್ಷಿಕ ಒಪ್ಪಂದ

ಬ್ಯಾಕಪ್ ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ, ಕೆಲಸ ಮುಗಿದ ಮೇಲೆ ಕಿತ್ತಿಟ್ಟು. ಇನ್ನೊಂದು ತೋಟದ ಹೊರಗೆ. ಡಿಸ್ಕ್ ಚುಚ್ಚಿಯೇ ಇಟ್ಟರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಒಂದು ವಾರದ ಬಟವಾಡೆ ವರದಿ ತೆಗೆದು ಪುಸ್ತಕಕ್ಕೆ ತಾಳೆ ನೋಡಿ.

ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದ, ಬರೆಯುವಾಗ ಯಾವುದು ಸೇರಿದೆ ಎನ್ನುವುದಕ್ಕಿಂತ ಯಾವುದು ಸೇರಿಲ್ಲ ಎನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ: ಪ್ರಿಂಟರ್ ರಿಪೇರಿ, ಹೊಸ ವರದಿ, ಸಿಬ್ಬಂದಿ ಬದಲಾದರೆ ಮತ್ತೆ ತರಬೇತಿ, ಸ್ಥಳಕ್ಕೆ ಬರುವ ಖರ್ಚು. ಕುಯ್ಲಿನ ತಿಂಗಳುಗಳಲ್ಲಿ ಭಾನುವಾರವೂ ಫೋನ್ ಎತ್ತುತ್ತೀರೋ ಇಲ್ಲವೋ, ಅದನ್ನೂ ಬರೆಯಿರಿ, ಎತ್ತುವುದಾದರೆ ಅದಕ್ಕೆ ದರ ಹಾಕಿ. ನವೀಕರಣದ ಮಾತನ್ನು ಸೆಪ್ಟೆಂಬರಿನಲ್ಲಿ, ಕುಯ್ಲು ಶುರುವಾಗುವ ಮುನ್ನವೇ ಎತ್ತಿ, ಆ ವರ್ಷದ ಟಿಕೆಟ್ ಪಟ್ಟಿಯನ್ನು ಪ್ರಿಂಟ್ ತೆಗೆದು ಜೊತೆಗೆ ಒಯ್ಯಿರಿ.